‘ಈಕ್’ ಎಂಬ ಕ್ರಿಯಾಪದ, ಅತ್ತೆಯ ದ್ವಾದಶಿ

ನಮ್ಮ ಸೋದರತ್ತೆಯ ಹಿತ್ತಾಳೆ ಸೌಟಿನ ಎಡ ಅಂಚು ಸವೆದು ಚಪ್ಪಟೆಯಾಗಿದೆ. ಬಲ ಅಂಚು ಇನ್ನೂ ದುಂಡಗಿದೆ. ತೊವ್ವೆ ತಿರುವುವಾಗ ಅವಳು ಪಾತ್ರೆಯ ತಳವನ್ನು ಯಾವಾಗಲೂ ಒಂದೇ ದಿಕ್ಕಿಗೆ ಕೆರೆಯುತ್ತಾಳೆ. ತಳ ಹಿಡಿದರೆ ರುಚಿ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಕಾರಣ. ಅವಳ ಕಾರಣ ಬೇರೆ. ತಳಕ್ಕೆ ಅಂಟಿಕೊಂಡದ್ದು ಯಾರ ಎಲೆಗೂ ಹೋಗುವುದಿಲ್ಲ, ಅಷ್ಟು ಬೇಳೆ ಬೆಂದೂ ಇಲ್ಲದಂತಾಯಿತು ಎಂದು ಅವಳ ತಕರಾರು.

ಹೊಸಪೇಟೆಯ ಹಳೆಯ ಓಣಿಯೊಂದರಲ್ಲಿ ನಮ್ಮ ಮನೆ. ಹಿತ್ತಲಿನ ಗೋಡೆಯಾಚೆ ಒಂದು ಚಿಕ್ಕ ಮಠ. ಅತ್ತೆ ಅಲ್ಲಿ ನೈವೇದ್ಯದ ಅಡುಗೆ ಮಾಡುತ್ತಾಳೆ. ದಿನವೂ ದೇವರಿಗೆ ಸಣ್ಣ ಪಾತ್ರೆಯಲ್ಲಿ, ದ್ವಾದಶಿಯ ಬೆಳಿಗ್ಗೆ ಮಾತ್ರ ಉಪವಾಸ ಬಿಡಲು ಬರುವ ಮಂದಿಗೆಲ್ಲ ದೊಡ್ಡ ಪಾತ್ರೆಗಳಲ್ಲಿ. ಮಾವ ತೀರಿಕೊಂಡ ಮೇಲೆ ಅವಳು ನಮ್ಮ ಮನೆಗೆ ಬಂದಳು, ಬಂದ ಕೆಲವೇ ದಿನಗಳಲ್ಲಿ ಆ ಅಡುಗೆಮನೆ ಅವಳದಾಯಿತು. ಅಪ್ಪ ಕಚೇರಿಗೆ ಹೋಗುತ್ತಿದ್ದಷ್ಟೇ ಗಂಭೀರವಾಗಿ ಅವಳು ನಸುಕಿನಲ್ಲಿ ಹಿತ್ತಲ ಬಾಗಿಲು ದಾಟಿ ಹೋಗುತ್ತಾಳೆ. ತಮ್ಮನ ಮನೆಯಲ್ಲಿರುವವಳು ಎಂದು ಅವಳನ್ನು ಯಾರೂ ಕರೆಯುವುದಿಲ್ಲ. ಮಠದ ಅಡುಗೆ ಅಕ್ಕ ಎನ್ನುತ್ತಾರೆ. ಈ ವ್ಯತ್ಯಾಸ ಅವಳಿಗೆ ಎಷ್ಟು ಮುಖ್ಯ ಎಂದು ಅವಳು ಬಾಯಿಬಿಟ್ಟು ಹೇಳಿದ್ದಿಲ್ಲ.

ನಾನು ಹಂಪಿಯ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಓದಿ, ಈಗ ಅಲ್ಲೇ ಇಂಗ್ಲಿಷ್–ಕನ್ನಡ ನಿಘಂಟಿನ ಒಂದು ಕೆಲಸದಲ್ಲಿದ್ದೇನೆ. ನಮ್ಮ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಕ್ಷರ. ನನ್ನ ಪಾಲಿನಲ್ಲಿ ‘ಈಕ್’ (eke) ಎಂಬ ಕ್ರಿಯಾಪದ ಬಂದದ್ದು ಹೋದ ಚಳಿಗಾಲದಲ್ಲಿ. ಚಿಕ್ಕ ಪದ, ಒಂದೇ ಉಸಿರಿನದು. ಇಂದಿನ ಇಂಗ್ಲಿಷಿನಲ್ಲಿ ಅದು ಒಂಟಿಯಾಗಿ ಓಡಾಡುವುದೇ ಇಲ್ಲ. ಬೆನ್ನಿಗೆ ‘ಔಟ್’ ಇರಲೇಬೇಕು. ‘ಈಕ್ ಔಟ್ ಎ ಲಿವಿಂಗ್’ ಎಂದರೆ ಕಷ್ಟದಲ್ಲಿ ಹೇಗೋ ಹೊಟ್ಟೆ ಹೊರೆಯುವುದು. ಕ್ರೀಡಾ ಪುಟದಲ್ಲಾದರೆ, ತಂಡವೊಂದು ಏದುಸಿರು ಬಿಡುತ್ತ ಕೂದಲೆಳೆಯಲ್ಲಿ ಗೆಲುವು ಕಿತ್ತುಕೊಳ್ಳುವುದು. ನಮ್ಮ ಹಿರಿಯ ಸಂಪಾದಕರು ನನ್ನ ಮೇಜಿನ ಪಕ್ಕ ನಿಂತು, “ಹೆಂಗೋ ಬದುಕು ದೂಡು ಅಂತ ಬರದು ಮುಂದಕ್ಕ ನಡೀರಿ. ಒಂದs ಪದದ ಮುಂದ ಮನಿ ಕಟ್ಟಿದ್ರ ಅಕ್ಷರ ಮುಗಿಯೂದು ಯಾವಾಗ?” ಎಂದರು.

ನಾನು ಮುಂದಕ್ಕೆ ನಡೆಯಲಿಲ್ಲ. ಆ ಅರ್ಥದಲ್ಲಿ ನನಗೆ ಏನೋ ಸರಿಬರಲಿಲ್ಲ. ಹಂಪಿಯ ಹರಿಗೋಲಿನವರ ಬಗ್ಗೆ, ಹೂ ಮಾರುವವರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವ ಪ್ರವಾಸಿಗಳೆಲ್ಲ ಈ ಪದವನ್ನು ಬಳಸುತ್ತಾರೆ. ಹರಿಗೋಲಿನವರು ಮಾತ್ರ ತಮ್ಮ ಬಗ್ಗೆ ಹಾಗೆ ಹೇಳಿಕೊಳ್ಳುವುದನ್ನು ನಾನು ಕೇಳಿಲ್ಲ. ದಡದ ಮೇಲೆ ನಿಂತು ನೀರಿನಲ್ಲಿರುವವರನ್ನು ನೋಡಿ ಹೇಳುವ ಮಾತು ಅದು. ಅದರಲ್ಲಿ ಕನಿಕರವಿದೆ, ಕೆಲಸದ ಮೇಲೆ ಕಣ್ಣಿಲ್ಲ.

ಹಿಂದಕ್ಕೆ ಹುಡುಕುತ್ತ ಹೋದಂತೆ ಪದ ಬೇರೆಯೇ ಆಗಿ ಕಂಡಿತು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಬೆಳೆಸು, ಉದ್ದಮಾಡು, ಕೂಡಿಸು ಎಂದಷ್ಟೇ. ಬಡತನದ ವಾಸನೆಯೇ ಇಲ್ಲ. ನಾವು ದಿನವೂ ಆಡುವ ನಿಕ್‌ನೇಮ್ ಎಂಬ ಮಾತಿನ ಒಳಗೂ ಈ ಪದ ಅಡಗಿ ಕೂತಿದೆ. ಮೊದಲು ಅದು ‘ಈಕ್‌ನೇಮ್’ ಆಗಿತ್ತು, ಇದ್ದ ಹೆಸರಿಗೆ ಕೂಡಿಸಿದ ಮತ್ತೊಂದು ಹೆಸರು. ಜೇನು ಸಾಕುವವರು ಗೂಡಿನಲ್ಲಿ ಜಾಗ ಸಾಲದಾದಾಗ ಅದಕ್ಕೆ ಒಂದು ಬಳೆಯಂಥ ಅಂಚನ್ನು ಸೇರಿಸಿ ಗೂಡು ಎತ್ತರಿಸುತ್ತಾರೆ; ಆ ಅಂಚಿನ ಹೆಸರೂ ‘ಈಕ್’. ಆಮೇಲೆ ಬಂದ ಅರ್ಥ, ಇದ್ದದ್ದು ಸಾಲದಿದ್ದಾಗ ಅದಕ್ಕೆ ಇನ್ನೊಂದನ್ನು ಬೆರೆಸಿ ಸಾಲುವಂತೆ ಮಾಡುವುದು. ಗೋದಿ ಹಿಟ್ಟು ಕಡಿಮೆ ಬಿದ್ದರೆ ಆಲೂಗಡ್ಡೆ ಬೆರೆಸಿ ಈಕ್ ಮಾಡುವುದು. ಅದರ ನಂತರದ್ದು, ಹಿಡಿದು ಹಿಡಿದು ಬಳಸಿ ಬಹಳ ದಿನ ಬರುವಂತೆ ಮಾಡುವುದು. ಜೀವನ ದೂಡುವ ಅರ್ಥ ಬಂದದ್ದು ತೀರ ಕೊನೆಗೆ. ಭಾಷೆಯ ಬಗ್ಗೆ ಕಟ್ಟುನಿಟ್ಟಾಗಿರುವ ಇಂಗ್ಲಿಷಿನವರು ಈಗಲೂ ಅದನ್ನು ಒಪ್ಪುವುದಿಲ್ಲ. ಜೀವನವನ್ನು ಈಕ್ ಮಾಡಲಾಗದು, ಇದ್ದ ವರಮಾನವನ್ನು ಇನ್ನೊಂದು ವರಮಾನ ಸೇರಿಸಿ ಈಕ್ ಮಾಡಬಹುದು ಎಂದು ಅವರ ವಾದ. ನನಗೆ ಆ ಹಠ ಇಷ್ಟವಾಯಿತು.

ಒಂದು ಸಂಜೆ ಅತ್ತೆ ಮರುದಿನಕ್ಕೆ ಅಕ್ಕಿ ಆರಿಸುತ್ತ, “ದಿನಾ ಬಸ್ಸು ಹಿಡದು ಹೋಗಿ ಏನು ಮಾಡ್ತಿ ಅಲ್ಲಿ?” ಎಂದು ಕೇಳಿದಳು.

“ಒಂದು ಪದಕ್ಕ ಅರ್ಥ ಹುಡುಕ್ಲಿಕ್ಕೆ ಹತ್ತೀನಿ ಅತ್ಯಾ.”

“ಒಂದs ಪದಕ್ಕ? ಪಗಾರ ಕೊಡ್ತಾರೇನು ಅದಕ್ಕ?”

“ಕೊಡ್ತಾರ.”

“ಹಂಗಾದ್ರ ಜಲ್ದಿ ಸಿಗಬಾರದು ನೋಡು ಅರ್ಥ,” ಎಂದು ನಕ್ಕಳು. ಜೇನುಗೂಡಿನ ಬಳೆಯ ಸಂಗತಿ ಹೇಳಿದೆ, ಹಿಟ್ಟಿನ ಸಂಗತಿ ಹೇಳಿದೆ. ಅವಳು ಮೊರದಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡು, “ಒದಗಸೂದು ಅನ್ನು,” ಎಂದಳು. “ಈ ಕಂಪ್ಲಿ ಅಕ್ಕಿ ಹೊಸಾದು, ಒದಗಂಗಿಲ್ಲ. ಹಳೀ ಅಕ್ಕಿ ಆದ್ರ ಇಷ್ಟರಾಗ ಇನ್ನೊಬ್ರು ಉಣ್ತಾರ. ಅಕ್ಕಿ ತಾನs ಒದಗತದ. ಒದಗದಿದ್ರ ನಾವು ಒದಗಸಬೇಕು. ಅಷ್ಟs.”

ಒದಗಿಸು. ಆ ಪದ ನನಗೂ ಗೊತ್ತಿತ್ತು. ಆದರೆ ನಮ್ಮ ನಿಘಂಟುಗಳಲ್ಲಿ ಅದು ಸರಬರಾಜು ಮಾಡು, ಪೂರೈಸು ಎಂಬ ಕಚೇರಿಯ ಅರ್ಥದಲ್ಲಿ ಕೂತಿದೆ. ಅಕ್ಕಿ ಒದಗುವ ಅರ್ಥ ಅಲ್ಲಿ ಕೊನೆಯ ಸಾಲಿಗೆ ಬಿದ್ದಿದೆ. ಮರುದಿನ ಸಂಪಾದಕರಿಗೆ ಹೇಳಿದಾಗ ಅವರು ಕನ್ನಡಕ ಹಣೆಗೇರಿಸಿ, “ನಮ್ಮವ್ವನೂ ಹಂಗs ಅಂತಿದ್ಲು. ಬರೀರಿ, ಬರೀರಿ,” ಎಂದರು. ಪದದ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆ ದಿನಗಳಲ್ಲೇ ಮಠದಲ್ಲಿ ಇನ್ನೊಂದು ಮಾತು ನಡೆದಿತ್ತು. ಅತ್ತೆಗೆ ಮೊಣಕಾಲು ನೋವು, ಬಗ್ಗಿ ಏಳುವುದು ನಿಧಾನವಾಗಿದೆ. ಹಿಂದಿನ ದ್ವಾದಶಿಯಂದು ಎರಡನೇ ಪಂಕ್ತಿಗೆ ಅನ್ನ ಬರುವುದು ತಡವಾಗಿ, ಹಿರಿಯರೊಬ್ಬರು ಎಲೆಯ ಮುಂದೆ ಕೂತು ಗೊಣಗಿದ್ದರು. ಮಠದ ವ್ಯವಸ್ಥೆ ನೋಡಿಕೊಳ್ಳುವ ರಾಯರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಒಳ್ಳೆಯ ಮನುಷ್ಯರೇ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾತು ತೆಗೆದರು.

“ಅಕ್ಕಾ, ಎಷ್ಟಂತ ಕಷ್ಟ ಪಡ್ತೀರಿ? ಗುತ್ತಿಗಿ ಅಡಗಿಯವರು ಅದಾರ. ಮಡೀಲೇ ಮಾಡ್ತಾರ. ನೀವು ಆರಾಮ ಕೂತು ಉಣ್ಣಬಹುದು.”

“ಕೂತು ಉಣ್ಣೂದು ನನಗ ಬರಂಗಿಲ್ರಿ ರಾಯರ. ಆ ವಿದ್ಯಾ ನೀವು ಕಲಿಸಿಕೊಡ್ರಿ,” ಎಂದಳು ಅತ್ತೆ.

ರಾಯರು ನಕ್ಕರು, ಆದರೆ ಬಿಡಲಿಲ್ಲ. ಬರುವ ದ್ವಾದಶಿ ಯಾರ ಗೊಣಗೂ ಇಲ್ಲದೆ ಆದರೆ ಅಡುಗೆಮನೆ ಅವಳದೇ, ಇಲ್ಲದಿದ್ದರೆ ಗುತ್ತಿಗೆಗೆ ಕೊಡುವುದು ಎಂದು ಸಮಿತಿಯವರು ಮಾತಾಡಿಕೊಂಡಿದ್ದಾರೆ ಎಂದು ಹೇಳಿ ಹೋದರು. ಅಂದು ರಾತ್ರಿ ಅತ್ತೆ ಊಟಕ್ಕೆ ಕೂತಾಗ ಎರಡು ಸಲ ಉಪ್ಪು ಕೇಳಿ ಹಾಕಿಸಿಕೊಂಡಳು. ಅವಳ ಮನಸ್ಸು ಎಲೆಯ ಮೇಲಿರಲಿಲ್ಲ.

ದ್ವಾದಶಿಯ ಅಡುಗೆಗೆ ಎಷ್ಟು ಜನ ಎಂದು ಮೊದಲೇ ಗೊತ್ತಾಗುವುದಿಲ್ಲ. ಆ ಊಟಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬರುತ್ತೇವೆಂದು ಯಾರೂ ಹೇಳಿ ಕಳಿಸುವುದಿಲ್ಲ. ಏಕಾದಶಿ ಉಪವಾಸ ಮಾಡಿದವರು ಬೆಳಿಗ್ಗೆ ಎದ್ದು ಸ್ನಾನ ಮಾಡಿ ಬಂದು ಕೂಡುತ್ತಾರೆ. ಅಂದಾಜು ಮಾಡುವುದಕ್ಕೆ ಇರುವ ಒಂದೇ ದಾರಿ ಪಂಚಾಂಗ. ನಮ್ಮಲ್ಲಿ ಬೇರೆ ಬೇರೆ ಮಠದವರಿಗೆ ಬೇರೆ ಬೇರೆ ಪಂಚಾಂಗ. ಕೆಲವು ಸಲ ಒಬ್ಬರ ಏಕಾದಶಿ ಇನ್ನೊಬ್ಬರ ದಶಮಿಯಾಗಿರುತ್ತದೆ. ನಮ್ಮಲ್ಲಿಗೆ ಬರುವ ಸಂಡೂರು, ಕಂಪ್ಲಿಯ ಮನೆತನಗಳದು ಬೇರೆ ಪಂಚಾಂಗ. ದಿನ ಬೇರೆಯಾದಾಗ ಅವರು ನಮ್ಮ ದ್ವಾದಶಿಗೆ ಬರುವುದಿಲ್ಲ, ಅಂದು ಅವರಿಗೆ ಉಪವಾಸ. ಹಿಂದಿನ ಎರಡು ಏಕಾದಶಿಗಳು ಹಾಗೆಯೇ ಬೇರೆಬೇರೆ ಬಿದ್ದಿದ್ದವು. ಈ ಸಲವೂ ರಾಯರು ಪಂಚಾಂಗ ನೋಡಿ, “ಸಂಡೂರು, ಕಂಪ್ಲಿಯವರದು ಒಂದು ದಿನ ಮುಂದಕ್ಕ ಅದ. ನಮ್ಮ ಓಣಿಯವರಿಗಷ್ಟ ಮಾಡ್ರಿ,” ಎಂದು ಅತ್ತೆಗೆ ಹೇಳಿದ್ದರು.

ದ್ವಾದಶಿಯ ಬೆಳಿಗ್ಗೆ ನಾನು ಹಿತ್ತಲ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದೆ. ಓಣಿಯ ತಿರುವಿನಲ್ಲಿ ಒಂದು ಟೆಂಪೋ ನಿಂತು, ಅದರಿಂದ ಒದ್ದೆ ಕೂದಲಿನ ಹೆಂಗಸರು, ಶಲ್ಯ ಹೊದ್ದ ಗಂಡಸರು ಇಳಿದರು. ಸಂಡೂರಿನವರು. ಅವರ ಹಿಂದೆಯೇ ಕಂಪ್ಲಿ ಬಸ್ಸಿನಿಂದ ಇಳಿದ ಕೆಲವರು ನಡೆದು ಬರುತ್ತಿದ್ದರು. ನಾನು ಬಾಯಿ ತೊಳೆದುಕೊಂಡು, ಅವರನ್ನು ಒಂದು ಮಾತು ಕೇಳಿ, ಮಠದ ಅಡುಗೆಮನೆಯ ಕಿಟಕಿಗೆ ಓಡಿದೆ.

“ಅತ್ಯಾ, ಸಂಡೂರಿನವರು ಬಂದಾರ.”

“ಅವರದು ಇವತ್ತು ಉಪವಾಸ ಅಲ್ಲೇನು?”

“ಅವರೂ ನಿನ್ನೇನ ಮಾಡ್ಯಾರಂತ. ಈ ಸಲ ಎಲ್ಲಾರಿಗೂ ಒಂದs ದಿನ ಬಂದದಂತ.”

ಅವಳು ಒಲೆಯ ಮುಂದಿನಿಂದ ಏಳಲಿಲ್ಲ. “ಎಷ್ಟು ಮಂದಿ?”

“ಟೆಂಪೋ ತುಂಬ. ಕಂಪ್ಲಿಯವರೂ ಬರ್ಲಿಕ್ಕೆ ಹತ್ಯಾರ.”

“ರಾಯರು ಎಲ್ಲಿ?”

“ಪಂಚಾಂಗ ಹಿಡ್ಕೊಂಡು ಕಂಬದ ಹಿಂದ ನಿಂತಾರ.”

“ನಿಂದ್ರಲಿ ಬಿಡು. ಈಗ ಓದಿದ್ರೂ ಪುಣ್ಯ ಬರತದ,” ಎಂದಳು. ನಗು ಅವಳ ಮುಖದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಅವಳ ಎದುರಿಗಿದ್ದ ತೊಡಕು ಎಂಥದೆಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಅಂದು ದ್ವಾದಶಿ ತಿಥಿ ಬಹಳ ಚಿಕ್ಕದು. ಹೊತ್ತು ಏರುವುದರೊಳಗೆ ಎಲ್ಲರೂ ಉಂಡು ಉಪವಾಸ ಬಿಡಬೇಕು. ಇನ್ನೊಂದು ದೊಡ್ಡ ಪಾತ್ರೆ ಅನ್ನ ಮಾಡುವಷ್ಟು ಹೊತ್ತಿಲ್ಲ. ಹೋಗಲಿ, ಊಟದ ನಡುವೆ ಏನಾದರೂ ಬೆರೆಸೋಣವೆಂದರೆ ಅದಕ್ಕೂ ದಾರಿಯಿಲ್ಲ. ದೇವರಿಗೆ ತೋರಿಸಿದ ಅಡುಗೆಗೆ ಆಮೇಲೆ ಒಂದು ಹನಿ ನೀರನ್ನೂ ಕೂಡಿಸುವಂತಿಲ್ಲ. ಮಾಡುವುದನ್ನೆಲ್ಲ ನೈವೇದ್ಯದ ಗಂಟೆಯ ಒಳಗೇ ಮಾಡಬೇಕು.

“ಏ ಹುಡುಗಿ, ಗಾಡಿ ತಗೊಂಡು ಪೇಟಿಗೆ ಹೋಗು. ಸೌತಿಕಾಯಿ, ನಿಂಬೆಹಣ್ಣು ತಾ. ಮೆತ್ತಗಿದ್ದದ್ದು ಬ್ಯಾಡ. ಹೊಸ್ತಿಲ ಹೊರಗ ಇಡು, ನಾನು ನೀರು ಹಾಕಿ ಒಳಗ ತಗೋತೀನಿ.”

ನಾನು ಸ್ಕೂಟರಿನಲ್ಲಿ ಹೋಗಿ ಬರುವಷ್ಟರಲ್ಲಿ ಅಡುಗೆಮನೆ ಬೇರೆಯಾಗಿತ್ತು. ಅನ್ನ ಬಸಿದ ಗಂಜಿಯನ್ನು ಅವಳು ಚೆಲ್ಲದೆ ಇಟ್ಟುಕೊಂಡಿದ್ದಳು. ತೊವ್ವೆಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಗಟ್ಟಿಯಾಗಿಯೇ ಉಳಿಸಿ, ಇನ್ನೊಂದಕ್ಕೆ ಆ ಗಂಜಿ ಕೂಡಿಸಿ ಮೆಣಸು, ಜೀರಿಗೆ, ಶುಂಠಿ ಜಜ್ಜಿ ಹಾಕಿದ್ದಳು. ದ್ವಾದಶಿಯ ಅಡುಗೆಗೆ ಹುಣಸೆಹಣ್ಣು ಹಾಕುವಂತಿಲ್ಲ. ನಿಂಬೆಹಣ್ಣು ಬಂದದ್ದೇ ಪಾತ್ರೆ ಇಳಿಸಿ ಹಿಂಡಿದಳು. ಒಂದೇ ಬೇಳೆ ತೊವ್ವೆಯೂ ಆಯಿತು, ಸಾರೂ ಆಯಿತು. ಬಿಸಿನೀರಿನಲ್ಲಿ ನೆನೆಹಾಕಿದ್ದ ಹೆಸರುಬೇಳೆ ಆಗಲೇ ಮೆತ್ತಗಾಗಿತ್ತು. ಅದಕ್ಕೆ ಸೌತೆಕಾಯಿ ಹೆಚ್ಚಿ ಹಾಕಿ ಕೋಸಂಬರಿ. ನೆಲ್ಲಿಕಾಯಿ ತಂಬುಳಿಗೆ ಇನ್ನಷ್ಟು ಮಜ್ಜಿಗೆ. ಉಗ್ರಾಣದ ಅವಲಕ್ಕಿಯನ್ನು ತೊಳೆದು ಹಿಂಡಿ ಮೊಸರಿಗೆ ಹಾಕಿದಳು. ಅಗಸೆ ಸೊಪ್ಪಿನ ಪಲ್ಯವನ್ನು ಮಾತ್ರ ಮುಟ್ಟಲಿಲ್ಲ. “ಅದು ಇದ್ದಷ್ಟs. ಅದಕ್ಕ ಏನು ಕೂಡಿಸಿದ್ರೂ ಕೆಡತದ,” ಎಂದಳು.

ನಾನು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆ. ಒಂದು ಕ್ರಿಯಾಪದದ ಹಿಂದೆ ಅಷ್ಟು ದಿನ ಪುಸ್ತಕಗಳಲ್ಲಿ ಅಲೆದಿದ್ದೆ. ಅದು ಇಷ್ಟು ಚುರುಕಾಗಿ, ಮೊಣಕಾಲಿನ ಮೇಲೆ ಕೈಯೂರಿ ಎದ್ದು ಕೂತು ನಡೆಯುವುದನ್ನು ಕಂಡಿರಲಿಲ್ಲ. ಯಾವುದನ್ನು ಹಿಗ್ಗಿಸಬಹುದು ಎಂಬುದಕ್ಕಿಂತ ಯಾವುದನ್ನು ಹಿಗ್ಗಿಸಬಾರದು ಎಂಬುದನ್ನು ಅವಳು ಮೊದಲು ತೀರ್ಮಾನಿಸಿದ್ದಳು. ನಿಘಂಟಿನಲ್ಲಿ ಅದಕ್ಕೆ ಜಾಗವಿಲ್ಲ.

ನೈವೇದ್ಯದ ಗಂಟೆ ಕೇಳಿಸಿತು. ರಾಯರು ಕಂಬದ ಹಿಂದಿನಿಂದ ಬಂದು ಬಾಗಿಲಲ್ಲಿ ನಿಂತರು. ಅವರ ಧ್ವನಿ ಸಣ್ಣದಾಗಿತ್ತು.

“ಅಕ್ಕಾ, ನಾನು ಹಿಂದಿನ ಪಕ್ಷದ ಸಾಲು ಓದಿಬಿಟ್ಟೆ. ಎರಡನೇ ಪಂಕ್ತಿಗೆ ಸಾಲತದೇನು?”

“ಸಾಲಸೂದು ನನ್ನ ಕೆಲಸ. ಕೂಡಸೂದು ನಿಮ್ಮ ಕೆಲಸ. ಎಲಿ ಹಾಕಸ್ರಿ.” ಅವಳು ಒಂದು ಕ್ಷಣ ತಡೆದು, ದನಿ ತಗ್ಗಿಸಿದಳು. “ಬಡಸೂ ಹುಡುಗರಿಗೆ ಹೇಳ್ರಿ. ಒಮ್ಮೆಗೇ ಸುರೀಬಾರದು. ಮೊದಲು ಕೋಸಂಬರಿ, ಅವಲಕ್ಕಿ ಹೋಗಲಿ. ಅನ್ನ ಸ್ವಲ್ಪ ಸ್ವಲ್ಪ ಹಾಕಿ, ಮ್ಯಾಲಿಂದ ಮ್ಯಾಲೆ ಬಂದು ಕೇಳಬೇಕು. ಮತ್ತ ಮತ್ತ ಬಂದು ಕೇಳಿದ್ರ ಅರ್ಧ ಹೊಟ್ಟಿ ಕೇಳೂದ್ರಾಗs ತುಂಬತದ.”

ರಾಯರು ಹುಡುಗರಿಗೆ ಹೇಳಲಿಲ್ಲ. ಶಲ್ಯವನ್ನು ಸೊಂಟಕ್ಕೆ ಬಿಗಿದು ತಾವೇ ಸೌಟು ಹಿಡಿದರು.

ಮೊದಲ ಪಂಕ್ತಿ ಎದ್ದಿತು, ಎರಡನೆಯದು ಕೂತಿತು. ಸಂಡೂರಿನ ದಪ್ಪ ಧ್ವನಿಯ ಹಿರಿಯರೊಬ್ಬರು, “ಏನ್ರಿ ರಾಯರ, ಬ್ಯಾಂಕಿನಾಗ ಇದ್ದಾಗ ಒಂದು ಸಹಿ ಮಾಡ್ಲಿಕ್ಕೆ ನಾಲ್ಕು ಸಲ ತಿರುಗಸ್ತಿದ್ರಿ. ಇವತ್ತು ನೀವs ನಾಲ್ಕು ಸಲ ತಿರುಗ್ಲಿಕ್ಕೆ ಹತ್ತೀರಿ,” ಎಂದರು. ಪಂಕ್ತಿಯ ತುಂಬ ನಗು. “ನಿಂಬಿಹಣ್ಣಿನ ಸಾರು ಇನ್ನೊಮ್ಮೆ ಬರ್ಲಿ,” ಎಂದು ಕಂಪ್ಲಿಯ ಹೆಂಗಸೊಬ್ಬರು ಕೂಗಿದರು. ಸಾರು ಇನ್ನೊಮ್ಮೆ ಬಂತು. ನಾನು ಬಾಗಿಲ ಪಕ್ಕದಲ್ಲಿ ನಿಂತು ಎಲೆಗಳನ್ನಲ್ಲ, ಮುಖಗಳನ್ನು ನೋಡುತ್ತಿದ್ದೆ. ಹಿಂದಿನ ಸಲ ಗೊಣಗಿದ್ದ ಹಿರಿಯರು ಕೊನೆಯಲ್ಲಿ ಕೂತಿದ್ದರು. ಅವರು ಮೊಸರವಲಕ್ಕಿಯನ್ನು ಬೆರಳಿನಿಂದ ಎಲೆಯ ಅಂಚಿನವರೆಗೆ ಬಳಿದು ಉಂಡು, ಯಾರಿಗೂ ಏನೂ ಹೇಳದೆ ಕೈ ತೊಳೆಯಲು ಎದ್ದರು. ಅಂದು ಅದಕ್ಕಿಂತ ದೊಡ್ಡ ಮಾತು ನಮಗೆ ಬೇಕಿರಲಿಲ್ಲ.

ಕೊನೆಗೆ ಅತ್ತೆ ತಾನು ಕೂತಳು. ಪಾತ್ರೆಯಲ್ಲಿ ಅವಳ ಒಂದು ಊಟಕ್ಕೆ ಬೇಕಾದಷ್ಟು ಅನ್ನ, ಒಂದು ಸೌಟು ತೊವ್ವೆ ಇತ್ತು. ತಿಥಿ ಮುಗಿಯುವ ಮುಂಚೆ ಅವಳೂ ಉಪವಾಸ ಬಿಟ್ಟಳು. ಪಂಚಾಂಗದ ಮಾತನ್ನು ಅವಳು ಸಂಡೂರಿನವರ ಮುಂದೆಯಾಗಲಿ, ನಮ್ಮ ಓಣಿಯವರ ಮುಂದೆಯಾಗಲಿ ಎತ್ತಲಿಲ್ಲ. ಎತ್ತಿದ್ದರೆ ಗೆಲುವು ಅವಳದೇ ಆಗುತ್ತಿತ್ತು. ತನ್ನ ಅಡುಗೆ ಗೆಲ್ಲಬೇಕಾದರೆ ಇನ್ನೊಬ್ಬರ ತಪ್ಪು ಕೂಡಿಸಬೇಕಾಗಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಅವಳನ್ನು ಕೇಳಲಿಲ್ಲ, ನಾನು ಹಾಗೆ ತಿಳಿದುಕೊಂಡೆ.

ಮಧ್ಯಾಹ್ನ ರಾಯರು ನಮ್ಮ ಮನೆಗೇ ಬಂದರು. ಪಡಸಾಲೆಯಲ್ಲಿ ಅಪ್ಪನ ಎದುರು ಕೂತರೂ ಮಾತಾಡಿದ್ದು ಒಳಗಿದ್ದ ಅತ್ತೆಗೆ ಕೇಳುವಂತೆ.

“ಅಡಗಿಮನಿ ಅಕ್ಕಂದs ಇರ್ಲಿ. ಗುತ್ತಿಗಿ ಮಾತು ಮುಗೀತು. ಆದ್ರ ಒಂದು ಮಾತದ. ಜೊತಿಗೆ ಯಾರರೆ ಒಬ್ರು ಇರಬೇಕು. ಒಬ್ಬಾಕೀನs ನೀರು ಸೇದಿ, ಒಲಿ ಹಚ್ಚಿ, ದೊಡ್ಡ ಪಾತ್ರಿ ಇಳಸೂದು ಇನ್ನ ಮ್ಯಾಲೆ ಆಗೂ ಮಾತಲ್ಲ. ಸಮಿತಿಯವರೂ ಅದನ್ನs ಕೇಳ್ತಾರ.”

ಅತ್ತೆ ಒಳಗಿನಿಂದಲೇ, “ಯಾರು ಬರ್ತಾರ್ರಿ ಈಗ ನಸುಕಿನ್ಯಾಗ ಎದ್ದು ತಣ್ಣೀರು ಹಾಕ್ಕೊಂಡು?” ಎಂದಳು. ರಾಯರು ನೋಡೋಣ, ಯಾರಾದರೂ ಸಿಗುತ್ತಾರೆ ಎಂದು ಎದ್ದರು. ಹೋಗುವಾಗ ಬಾಗಿಲಲ್ಲಿ ತಿರುಗಿ, “ಅಕ್ಕಾ, ಆ ಸಾರು ಭಾಳ ಮಸ್ತ್ ಇತ್ತು,” ಎಂದರು. “ಹಂಗಾದ್ರ ಮುಂದಿನ ಸಲನೂ ಪಂಚಾಂಗ ತಪ್ಪಿ ಓದ್ರಿ,” ಎಂದಳು ಅತ್ತೆ. ಇಬ್ಬರೂ ನಕ್ಕರು. ಅವರು ಹೋದ ಮೇಲೆ ಅತ್ತೆ ಗೋಡೆಗೆ ಒರಗಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡಳು. ಜೊತೆಗೆ ಯಾರು ಎಂಬ ಪ್ರಶ್ನೆ ಮನೆಯಲ್ಲಿ ಹಾಗೆಯೇ ಉಳಿಯಿತು. ಹೇಳಿಬಿಟ್ಟು ಆಮೇಲೆ ಮಾಡುವುದು ನನಗೆ ಬರುವುದಿಲ್ಲ.

ಮರುದಿನ ನಸುಕಿನಲ್ಲಿ ಅತ್ತೆ ಬಚ್ಚಲಿನಿಂದ ಹೊರಬಂದ ಮೇಲೆ ನಾನು ಎದ್ದೆ. ತಲೆಗೆ ನೀರು ಹಾಕಿಕೊಂಡು, ಗಳದ ಮೇಲೆ ಒಣಗಿದ್ದ ಅವಳ ಎರಡನೆಯ ಮಡಿಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟೆ. ನೆರಿಗೆ ಸರಿಯಾಗಿ ಕೂಡಲಿಲ್ಲ, ಎರಡು ಸಲ ಬಿಚ್ಚಿ ಮತ್ತೆ ಹಿಡಿದೆ. ಹಿತ್ತಲ ಬಾಗಿಲು ದಾಟಿ ಹೋದಾಗ ಅವಳು ಒಲೆಗೆ ಕಟ್ಟಿಗೆ ಜೋಡಿಸುತ್ತಿದ್ದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ನಿನ್ನ ಬಸ್ಸು?”

“ಒಂಬತ್ತಕ್ಕ.”

“ಮೊದಲು ನೀರು ತಾ ಹಂಗಾದ್ರ.”

ನಾನು ಬಾವಿಗೆ ಕೊಡ ಇಳಿಬಿಟ್ಟೆ.